ಎಚ್‌ಐವಿ ಕೋತಿಯಿಂದ ಬಂತು ಅನ್ನೋದು ನಿಜಾನಾ?

ನೀವು ಕೇಳಿರುವುದು ಮೂರು ವಿಷಯ. ಎಚ್‌ಐವಿ ಕೋತಿಯಿಂದ ಬಂದಿದ್ದು ನಿಜಾನಾ, ಅಮೆರಿಕದ ಲ್ಯಾಬ್‌ನಲ್ಲಿ ಮಾಡಿ ಬಿಟ್ಟರು ಅಂತಾರಲ್ಲ ಅದು ಏನು, ನಮ್ಮೂರಿನ ಕೋತಿ ಕಚ್ಚಿದರೂ ಬರುತ್ತಾ. ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ, ಇದು ತರಗತಿಯಲ್ಲೂ ಬರುವ ಪ್ರಶ್ನೆ. ಇದರ ಹಿಂದೆಯೇ ಹುಡುಗರು ಕಿಸಕ್ಕನೆ ನಕ್ಕು ಹೇಳುವ ಒಂದು ಕತೆಯೂ ಇದೆ, ಆಫ್ರಿಕಾದಲ್ಲಿ ಯಾರೋ ಪ್ರಾಣಿ ಜೊತೆ ಮಲಗಿದ್ದರಂತೆ ಅಂತ. ಆ ಕತೆಗೆ ಚೂರೂ ಆಧಾರವಿಲ್ಲ. ಒಂದು ಇಡೀ ಖಂಡದ ಜನರಿಗೆ ಮಾಡುವ ಅವಮಾನ ಅದು, ದಯವಿಟ್ಟು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ.

ಎಚ್‌ಐವಿಯಲ್ಲಿ 1 ಮತ್ತು 2 ಅಂತ ಎರಡು ಬಗೆ ಇವೆ. ಜಗತ್ತಿಡೀ ಹರಡಿರುವುದು ಎಚ್‌ಐವಿ-1ರ ‘ಎಂ’ ಅನ್ನೋ ಗುಂಪು. ಇದು ಬಂದಿದ್ದು ಕೋತಿಯಿಂದ ಅಲ್ಲ, ಬಾಲವಿಲ್ಲದ ವಾನರವಾದ ಚಿಂಪಾಂಜಿಯಿಂದ. ಕ್ಯಾಮರೂನ್ ದೇಶದ ಆಗ್ನೇಯ ಮೂಲೆಯ ಕಾಡಿನ ಚಿಂಪಾಂಜಿಗಳಲ್ಲಿ ಎಸ್‌ಐವಿ ಅನ್ನೋ ವೈರಸ್ ಇದೆ, ಅದೇ ಮೂಲ. ಇದನ್ನು ಪತ್ತೆ ಮಾಡಿದ ರೀತಿ ನನಗೆ ತುಂಬಾ ಇಷ್ಟ. ಕಾಡು ಚಿಂಪಾಂಜಿಯನ್ನು ಹಿಡಿದು ರಕ್ತ ತೆಗೆಯುವ ಹಾಗಿಲ್ಲ, ಅವು ಮೊದಲೇ ಅಳಿವಿನ ಅಂಚಿನಲ್ಲಿವೆ. ಅದಕ್ಕೆ ವೈರಸ್ ತಜ್ಞೆ ಬಿಯಾಟ್ರಿಸ್ ಹಾನ್ ಅವರ ತಂಡ ಹಿಕ್ಕೆ ಹುಡುಕಲು ಶುರು ಮಾಡಿತು. ಚಿಂಪಾಂಜಿಗಳು ರಾತ್ರಿ ಮರದ ಮೇಲೆ ಕೊಂಬೆ ಬಗ್ಗಿಸಿ ಗೂಡು ಮಾಡಿಕೊಂಡು ಮಲಗುತ್ತವೆ. ಆ ಗೂಡುಗಳ ಕೆಳಗೆ, ಅವು ಓಡಾಡುವ ದಾರಿಯಲ್ಲಿ ಬಿದ್ದ ಹಿಕ್ಕೆಯನ್ನು ಟ್ಯೂಬಿಗೆ ಹಾಕಿದರು. ಟ್ಯೂಬಿನಲ್ಲಿದ್ದ ದ್ರಾವಣದಿಂದಾಗಿ ಫ್ರಿಜ್ ಇಲ್ಲದಿದ್ದರೂ ವೈರಸ್ಸಿನ ಆರ್‌ಎನ್‌ಎ ಕೆಡುವುದಿಲ್ಲ. ಅಷ್ಟು ಹಿಕ್ಕೆಯಿಂದಲೇ ಅದು ಯಾವ ಪ್ರಾಣಿ, ಗಂಡೋ ಹೆಣ್ಣೋ, ಸೋಂಕು ಇದೆಯೋ ಇಲ್ಲವೋ, ಇದ್ದರೆ ಯಾವ ತಳಿ ಅಂತ ಎಲ್ಲವೂ ಗೊತ್ತಾಗುತ್ತದೆ. ಸುಮಾರು 600 ಸ್ಯಾಂಪಲ್ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಹಿಂಡುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಚಿಂಪಾಂಜಿಗೆ ಸೋಂಕಿತ್ತು, ಅವುಗಳ ವೈರಸ್ ನಮ್ಮ ‘ಎಂ’ ಗುಂಪಿಗೆ ತೀರಾ ಹತ್ತಿರದ ಸಂಬಂಧಿ.

ಮನುಷ್ಯರಿಗೆ ದಾಟಿದ್ದು ಬಹುತೇಕ ಬೇಟೆಯಿಂದ. ಪ್ರಾಣಿಯನ್ನು ಕೊಯ್ಯುವಾಗ ಅದರ ರಕ್ತ ಕೈಯ ಗಾಯಕ್ಕೆ ತಾಗಿದರೆ ಸಾಕು. ದಾಟಿದ ಆ ಗಳಿಗೆಯನ್ನು ಯಾರೂ ನೋಡಿಲ್ಲ, ನಿಜ. ಆದರೆ ಅದೇ ಕ್ಯಾಮರೂನಿನಲ್ಲಿ ಬೇಟೆ ಮಾಡುವವರ ರಕ್ತ ಪರೀಕ್ಷೆ ಮಾಡಿದಾಗ ಕೆಲವರಲ್ಲಿ ಗೊರಿಲ್ಲಾ ಮತ್ತು ಕೋತಿಗಳ ಬೇರೊಂದು ವೈರಸ್ (ಫೋಮಿ ವೈರಸ್) ಸಿಕ್ಕಿತು, 2004ರಲ್ಲಿ ಅದೂ ಪ್ರಕಟವಾಗಿದೆ. ಅಂದರೆ ಆ ದಾರಿ ತೆರೆದೇ ಇದೆ.

ಈಗ ಲ್ಯಾಬ್ ಕತೆ. ಇದಕ್ಕೂ ನಮ್ಮ ದೇಶಕ್ಕೂ ನೇರ ನಂಟಿದೆ. 1983ರಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು, ಏಡ್ಸ್ ಅಮೆರಿಕದ ಸೇನೆ ಮಾಡಿದ್ದು ಅಂತ. ಅದರ ಹಿಂದೆ ಇದ್ದದ್ದು ಸೋವಿಯತ್ ಒಕ್ಕೂಟದ ಗುಪ್ತಚರ ಸಂಸ್ಥೆ ಕೆಜಿಬಿ. ಎರಡು ವರ್ಷ ಬಿಟ್ಟು ಅದೇ ಮಾತನ್ನು ಅವರದೇ ಪತ್ರಿಕೆಯಲ್ಲಿ ಮತ್ತೆ ಎಬ್ಬಿಸಿ ಜಗತ್ತಿಗೆಲ್ಲ ಹಬ್ಬಿಸಿದರು.

ಇದು ಸುಳ್ಳು ಅಂತ ತೋರಿಸಲು ಎರಡು ಹಳೇ ಸ್ಯಾಂಪಲ್ ಸಾಕು. ಎರಡೂ ಕಾಂಗೋದ ಕಿನ್ಶಾಸಾದ್ದು, ಆಗ ಅದಕ್ಕೆ ಲಿಯೋಪೋಲ್ಡ್‌ವಿಲ್ ಅನ್ನುತ್ತಿದ್ದರು. ಒಂದು 1959ರಲ್ಲಿ ತೆಗೆದಿಟ್ಟ ರಕ್ತ. ಇನ್ನೊಂದು 1960ರಲ್ಲಿ ಒಬ್ಬ ಮಹಿಳೆಯ ದುಗ್ಧಗ್ರಂಥಿಯಿಂದ (ಲಿಂಫ್ ನೋಡ್) ತೆಗೆದು ಮೇಣದಲ್ಲಿ ಹುದುಗಿಸಿಟ್ಟ ಸಣ್ಣ ಚೂರು. ಎರಡರಲ್ಲೂ ಎಚ್‌ಐವಿ ಇದೆ. ಆಗಿನ್ನೂ ಜೀನ್ ಕತ್ತರಿಸಿ ಅಂಟಿಸುವ ತಂತ್ರವೇ ಹುಟ್ಟಿರಲಿಲ್ಲ, ಅದು ಬಂದಿದ್ದು 1970ರ ದಶಕದಲ್ಲಿ. ಇನ್ನೂ ಮುಖ್ಯವಾದ ವಿಷಯ ಅಂದರೆ ಒಂದೇ ಊರಿನ ಈ ಎರಡು ವೈರಸ್‌ಗಳ ನಡುವೆ ಆಗಲೇ ಸುಮಾರು 12% ವ್ಯತ್ಯಾಸ ಇತ್ತು, ಅಷ್ಟು ಬದಲಾಗಬೇಕಾದರೆ ಅವು ದಶಕಗಳಿಂದ ಜನರಲ್ಲಿ ಓಡಾಡುತ್ತಿರಲೇಬೇಕು ಅಲ್ವಾ. ವಿಜ್ಞಾನಿ ಮೈಕಲ್ ವೊರೊಬಿ ಅವರ ತಂಡ 2008ರಲ್ಲಿ ಲೆಕ್ಕ ಹಾಕಿ, ಈ ಗುಂಪಿನ ಮೂಲ 1884ರಿಂದ 1924ರ ನಡುವೆ ಎಲ್ಲೋ ಇದೆ ಅಂತ ತೋರಿಸಿತು.

ಕ್ಯಾಮರೂನಿನ ಕಾಡಿನಿಂದ ಸಂಗಾ ನದಿ ಹರಿದು ಕಾಂಗೋ ನದಿಗೆ ಸೇರುತ್ತದೆ, ಅದೇ ನದಿ ಹಿಡಿದು ಹೋದರೆ ಕಿನ್ಶಾಸಾ. ಬೆಲ್ಜಿಯಂನವರು ಆಳುತ್ತಿದ್ದ ಆ ಊರು ಆಗ ಜೋರಾಗಿ ಬೆಳೆಯುತ್ತಿತ್ತು. 1940ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ರೈಲಿನಲ್ಲಿ ಆ ಊರಿನ ಮೂಲಕ ಹಾದು ಹೋಗುತ್ತಿದ್ದರು. ವೈರಸ್ ಕಾಡಿನಲ್ಲಿ ಹುಟ್ಟಿರಬಹುದು, ಅದನ್ನು ಮಹಾಮಾರಿ ಮಾಡಿದ್ದು ಈ ನಗರ, ಈ ರೈಲು. ನನ್ನ ಪ್ರಕಾರ ಇಡೀ ಕತೆಯ ತಿರುಳು ಇದೇ. ಯಾಕೆಂದರೆ ಇಂಥ ವೈರಸ್ ಮನುಷ್ಯರಿಗೆ ದಾಟಿದ್ದು ಒಂದು ಸಲ ಅಲ್ಲ, ಕನಿಷ್ಠ 12 ಸಲ. ಎಚ್‌ಐವಿ-2 ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬಿ ಅನ್ನೋ ಕೋತಿಯಿಂದ ಬಂದಿದ್ದು, ಅಂದರೆ ‘ಕೋತಿಯಿಂದ’ ಅನ್ನೋ ಮಾತು ಅದಕ್ಕೆ ಸರಿ. ‘ಎಂ’ ಬಿಟ್ಟರೆ ಉಳಿದವು ಬಹುಪಾಲು ಅಲ್ಲಲ್ಲೇ ನಿಂತುಹೋದವು.

‘ಎಂ’ ಗುಂಪಿಗೆ ಇನ್ನೊಂದು ಬಲವೂ ಇತ್ತು. ನಮ್ಮ ಜೀವಕೋಶದಲ್ಲಿ ಟೆದರಿನ್ ಅನ್ನೋ ಪ್ರೋಟೀನ್ ಇದೆ. ಹೊಸದಾಗಿ ಹುಟ್ಟಿದ ವೈರಸ್ ಆಚೆ ಹೊರಟರೆ, ಗೂಟಕ್ಕೆ ಕರು ಕಟ್ಟಿದ ಹಾಗೆ ಅದನ್ನು ಕೋಶದ ಮೈಗೇ ಕಟ್ಟಿ ಹಾಕುತ್ತದೆ. ಚಿಂಪಾಂಜಿಯಲ್ಲಿ ಎಸ್‌ಐವಿ ತನ್ನ ‘ನೆಫ್’ ಪ್ರೋಟೀನಿನಿಂದ ಈ ಕಟ್ಟು ಬಿಡಿಸಿಕೊಳ್ಳುತ್ತದೆ. ಆದರೆ ನೆಫ್ ಹಿಡಿಯುವ ಜಾಗದ 5 ಅಮೈನೋ ಆಮ್ಲಗಳು ಮನುಷ್ಯರ ಟೆದರಿನ್‌ನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ನೆಫ್ ಇಲ್ಲಿ ಕೆಲಸ ಮಾಡಲ್ಲ. ‘ಎಂ’ ಗುಂಪು ಆ ಕೆಲಸಕ್ಕೆ ‘ವಿಪಿಯು’ ಅನ್ನೋ ಬೇರೆ ಪ್ರೋಟೀನನ್ನು ಪಳಗಿಸಿಕೊಂಡಿತು. ಬೇರೆ ಗುಂಪುಗಳಿಗೆ ಇದು ಇಷ್ಟು ಚೆನ್ನಾಗಿ ಒಲಿಯಲಿಲ್ಲ.

ಚಿಂಪಾಂಜಿಗಳಿಗೆ ಇದರಿಂದ ಏನೂ ಆಗಲ್ಲ ಅಂತ ಬಹಳ ದಿನ ನಂಬಿದ್ದರು. ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ವರ್ಷಗಟ್ಟಲೆ ಗಮನಿಸಿದಾಗ ಸೋಂಕಿದ್ದವು ಸಾಯುವ ಅಪಾಯ 10ರಿಂದ 16 ಪಟ್ಟು ಹೆಚ್ಚು ಅಂತ 2009ರಲ್ಲಿ ಗೊತ್ತಾಯಿತು. ಅವುಗಳೂ ನಮ್ಮ ಹಾಗೇ ನರಳುತ್ತಿವೆ.

ಕೊನೆಗೆ ನಮ್ಮೂರ ಕೋತಿ. ಎಸ್‌ಐವಿ ಸಹಜವಾಗಿ ಇರುವುದು ಆಫ್ರಿಕಾದ ಕೋತಿ, ವಾನರಗಳಲ್ಲಿ ಮಾತ್ರ. ಏಷ್ಯಾದ ಕಾಡುಕೋತಿಗಳಲ್ಲಿ ಅದು ಇಲ್ಲ, ಹಾಗಾಗಿ ಇಲ್ಲಿನ ಕೋತಿ ಕಚ್ಚಿದರೆ ಎಚ್‌ಐವಿ ಬರಲ್ಲ. ಮಲೆನಾಡಿನ ಮಂಗನ ಕಾಯಿಲೆ ಬೇರೆಯೇ ವೈರಸ್, ಅದು ಬರುವುದು ಉಣುಗು ಕಚ್ಚಿ. ಆದರೆ ಕೋತಿ ಕಚ್ಚಿದರೆ ಸುಮ್ನೆ ಇರಬೇಡಿ, ರೇಬೀಸ್ ಭಯ ಇದ್ದೇ ಇದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.