ಪ್ರತಿ: ಟಾಪ್ ಸೀಕ್ರೆಟ್ ಕ್ಲಿಯರೆನ್ಸ್ ನಾವೇ ಮಾಡಿಸಿಕೊಳ್ಳಬಹುದೇ?

ನಮಸ್ಕಾರ. ಅಮೆರಿಕದ ಪೌರತ್ವ ಸಿಕ್ಕಿದೆ, ಲಿನಕ್ಸ್ ಅಡ್ಮಿನ್ (ಸರ್ವರ್ ಕಂಪ್ಯೂಟರ್‌ಗಳ ನಿರ್ವಹಣೆ) ಅನುಭವವಿದೆ, ಕೈಯಿಂದ ದುಡ್ಡು ಕಟ್ಟಿ ಟಿಎಸ್/ಎಸ್‌ಸಿಐ ಕ್ಲಿಯರೆನ್ಸ್, ಅಂದರೆ ಸರ್ಕಾರದ ಅತಿ ರಹಸ್ಯ ಮಾಹಿತಿ ನೋಡುವ ಅನುಮತಿ, ಪಡೆಯಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಸರ್ಕಾರಿ ಇಲಾಖೆಯೋ ಗುತ್ತಿಗೆ ಕಂಪನಿಯೋ ನಿಮ್ಮನ್ನು ಹುದ್ದೆಗೆ ಆರಿಸಿ ಪ್ರಾಯೋಜಿಸಬೇಕು, ನಿಮ್ಮ ಹಿನ್ನೆಲೆಯ ತನಿಖೆಯ ಖರ್ಚು ನಿಮ್ಮದಲ್ಲ. ಹಣ ಕೊಟ್ಟರೆ ಮಾಡಿಸಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಜಾಹೀರಾತಿನಲ್ಲಿ 'ಆಕ್ಟಿವ್' ಎಂದಿದ್ದರೆ ಅದು ಈಗಾಗಲೇ ಕ್ಲಿಯರೆನ್ಸ್ ಇರುವವರಿಗೆ. 'ಪಡೆಯಲು ಅರ್ಹರಾಗಿರಬೇಕು' ಎಂದಿರುವುದನ್ನು ಹುಡುಕಿ. ಟಾಪ್ ಸೀಕ್ರೆಟ್‌ಗಿಂತ ಕೆಳಗಿನ ಸೀಕ್ರೆಟ್ ಮಟ್ಟದ ಕೆಲಸದಿಂದ ಶುರುಮಾಡುವುದೇ ಸುಲಭದ ದಾರಿ. ರಕ್ಷಣಾ ಇಲಾಖೆಯ ಅಡ್ಮಿನ್ ಹುದ್ದೆಗಳಿಗೆ ಸೆಕ್ಯುರಿಟಿ ಪ್ಲಸ್ ಎಂಬ ಸೈಬರ್ ಭದ್ರತೆಯ ಸರ್ಟಿಫಿಕೇಟ್ ಸಾಮಾನ್ಯವಾಗಿ ಕೇಳುತ್ತಾರೆ, ಈಗಲೇ ಮಾಡಿಟ್ಟುಕೊಳ್ಳಿ.

ಬಹಳ ಜನ ಎಡವುವುದು ಹಿನ್ನೆಲೆ ತನಿಖೆಗಾಗಿ ತುಂಬಿಕೊಡುವ ಎಸ್‌ಎಫ್-86 ಅರ್ಜಿಯಲ್ಲಿ. ಹಿಂದಿನ 10 ವರ್ಷಗಳ ವಿಳಾಸ, ಉದ್ಯೋಗ, ನಿರುದ್ಯೋಗದ ಅವಧಿ ಎಲ್ಲವೂ ತಿಂಗಳ ಲೆಕ್ಕದಲ್ಲಿ ಬೇಕು. ಒಂದು ಬಾಡಿಗೆ ಮನೆ ಮಾರ್ಚ್‌ಗೆ ಬಿಟ್ಟು, ಇನ್ನೊಂದಕ್ಕೆ ಜೂನ್‌ಗೆ ಹೋಗಿದ್ದರೆ, ನಡುವೆ ಗೆಳೆಯನ ಮನೆಯಲ್ಲಿದ್ದದ್ದನ್ನೂ ಬರೆಯಬೇಕು. ವಿದೇಶ ಪ್ರಯಾಣ 7 ವರ್ಷಗಳದ್ದು. ಹಳೆಯ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಇಂದೇ ಪಟ್ಟಿ ಮಾಡಿ.

ಅಪ್ಪ ಅಮ್ಮ ಭಾರತದಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವುದಿಲ್ಲ. ಅಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟು, ಜಂಟಿ ಬ್ಯಾಂಕ್ ಖಾತೆ ಮುಚ್ಚಿಟ್ಟರೆ ದೊಡ್ಡ ಗಂಡಾಂತರ, ಏಕೆಂದರೆ ಆಸ್ತಿಗಿಂತ ಸುಳ್ಳೇ ದೊಡ್ಡ ದೋಷವಾಗುತ್ತದೆ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಫೆಡರಲ್ ಕಾನೂನಿನಲ್ಲಿ ಅಪರಾಧವೇ, ಮುಟ್ಟಬೇಡಿ.