ಲೇಪಿತ ನ್ಯಾನೋಕಣಗಳು ಬೇಕಾದ ಪ್ರೋಟೀನನ್ನೇ ಹೆಕ್ಕುವುದು ಹೇಗೆ?

ಸಾವಿರಾರು ಪ್ರೋಟೀನುಗಳ ನಡುವಿನಿಂದ ಒಂದನ್ನೇ ಆರಿಸುವುದು ಕಣವಲ್ಲ, ಅದರ ಮೇಲಿನ ಲೇಪ. ಒಳಗಿರುವ ಕಬ್ಬಿಣದ ಆಕ್ಸೈಡಿನ ಕೆಲಸ ಅಯಸ್ಕಾಂತಕ್ಕೆ ಓಗೊಡುವುದಷ್ಟೇ. ಕಾಸರಗೋಡಿನ ಕಡಲತಡಿಯ ಮರಳಿನಲ್ಲಿ ಅಯಸ್ಕಾಂತ ಆಡಿಸಿ ಕಪ್ಪು ಹುಡಿ ಹಿಡಿದವರಿಗೆ ಈ ಎರಡನೆಯ ಭಾಗವನ್ನು ವಿವರಿಸಬೇಕಾಗಿಲ್ಲ. ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದಲ್ಲಿ, ಸಿಲಿಕಾ ಹೊದಿಸಿದ ಕಣದ ಮೇಲೆ ನಿಕ್ಕಲ್ ಅಯಾನುಗಳನ್ನು ಕೂರಿಸಿ, ಬೇಕಾದ ಪ್ರೋಟೀನಿನ ತುದಿಗೆ ಜೀನಿನ ಮಟ್ಟದಲ್ಲಿಯೇ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ 6 ಘಟಕಗಳ ಬಾಲವನ್ನು ಸೇರಿಸಿರುತ್ತಾರೆ. ಆ ಬಾಲವು ನಿಕ್ಕಲಿಗೆ ಬಿಗಿಯಾಗಿ ಅಂಟುವುದರಿಂದ, ಪ್ರೋಟೀನುಗಳಿರುವ ದ್ರವಕ್ಕೆ ಕಣಗಳನ್ನು ಬೆರೆಸಿ, ನಳಿಕೆಯ ಬದಿಗೆ ಅಯಸ್ಕಾಂತ ಹಿಡಿದು ಉಳಿದ ದ್ರವವನ್ನು ಚೆಲ್ಲಿ ತೊಳೆಯಬಹುದು. ಬಳಿಕ ಇಮಿಡಜೋಲ್ ಎಂಬ ರಾಸಾಯನಿಕವನ್ನು ಹಾಕಿದರೆ, ಅದು ಹಿಸ್ಟಿಡಿನ್‌ನ ಜಾಗವನ್ನು ತಾನು ಹಿಡಿದು ಪ್ರೋಟೀನನ್ನು ಬಿಡಿಸುತ್ತದೆ. ನಿಕ್ಕಲಿಗೆ ಅಂಟುವ ಬೇರೆ ಪ್ರೋಟೀನುಗಳೂ ಕೆಲವಿರುವುದರಿಂದ, ಒಂದೇ ಸುತ್ತಿನಲ್ಲಿ ಪೂರ್ಣ ಶುದ್ಧಿ ಸಿಗುವುದು ಅಪರೂಪ.