ಕ್ರೀಡಾ ಪ್ರಶ್ನೋತ್ತರ: ಅಂಕಿಪಟ್ಟಿಗೆ ದಕ್ಕದ ವರ್ಷಗಳು

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಬಹುಪಾಲು ‘ಯಾರು ದೊಡ್ಡ ಆಟಗಾರ’ ಎಂಬುದರ ಸುತ್ತಲೇ ಇವೆ. ಗೆದ್ದ ಪ್ರಶಸ್ತಿಗಳನ್ನು ಎಣಿಸುವ ಮೊದಲು ಆಡಲಾಗದೆ ಹೋದ ವರ್ಷಗಳನ್ನು ಎಣಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಆ ದೃಷ್ಟಿಯಿಂದ ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಟೆನಿಸ್‌ನಲ್ಲಿ ನೊವಾಕ್ ಜೊಕೊವಿಚ್ 24 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ರಾಡ್ ಲೇವರ್ ಗೆದ್ದಿರುವುದು 11 ಮಾತ್ರ. ಹಾಗಿದ್ದರೂ ಲೇವರ್ ಹೆಸರನ್ನು ಇಂದಿಗೂ ಅಷ್ಟು ಗೌರವದಿಂದ ಹೇಳುವುದೇಕೆ?

ಉತ್ತರ: ಆಸ್ಟ್ರೇಲಿಯದ ಲೇವರ್ 1962ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಟೂರ್ನಿಗಳನ್ನು (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಅಮೆರಿಕನ್) ಒಂದೇ ವರ್ಷದಲ್ಲಿ ಗೆದ್ದರು. ಆ ಕಾಲದಲ್ಲಿ ಈ ಟೂರ್ನಿಗಳು ಹವ್ಯಾಸಿ ಆಟಗಾರರಿಗೆ ಮಾತ್ರ ಮೀಸಲಾಗಿದ್ದವು. ಆಟವನ್ನೇ ಜೀವನೋಪಾಯ ಮಾಡಿಕೊಂಡು ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಅಂದಿನಿಂದಲೇ ವಿಂಬಲ್ಡನ್‌ನ ಬಾಗಿಲು ಮುಚ್ಚುತ್ತಿತ್ತು. ಲೇವರ್ ಆ ಸಾಧನೆಯ ಬೆನ್ನಲ್ಲೇ ವೃತ್ತಿಪರರ ಬಳಗ ಸೇರಿದರು. ವೃತ್ತಿಪರರಿಗೂ ಪ್ರವೇಶ ಸಿಕ್ಕ ಮೊದಲ ಗ್ರ್ಯಾನ್‌ಸ್ಲಾಮ್ ಎಂದರೆ 1968ರ ಫ್ರೆಂಚ್ ಟೂರ್ನಿ. ಅಷ್ಟರಲ್ಲಿ 21 ಗ್ರ್ಯಾನ್‌ಸ್ಲಾಮ್ ಟೂರ್ನಿಗಳು ಅವರಿಲ್ಲದೆಯೇ ಮುಗಿದುಹೋಗಿದ್ದವು. ಅವರ 24ರಿಂದ 29ರವರೆಗಿನ ವಯಸ್ಸು, ಅಂದರೆ ಟೆನಿಸ್ ಆಟಗಾರನೊಬ್ಬನ ಮೈಕಸುವು ಮತ್ತು ಆಟದ ತಿಳಿವಳಿಕೆ ಎರಡೂ ಕೂಡಿಬರುವ ಅವಧಿ, ಹೀಗೆ ದಾಖಲೆಯ ಹೊರಗೇ ಉಳಿಯಿತು. ಮರಳಿ ಬಂದವರು 1968ರ ವಿಂಬಲ್ಡನ್ ಗೆದ್ದರು, 1969ರಲ್ಲಿ ಮತ್ತೊಮ್ಮೆ ನಾಲ್ಕನ್ನೂ ಗೆದ್ದರು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1962ರಲ್ಲಿ ಲೇವರ್ ಎದುರಿಸದ ವೃತ್ತಿಪರರೂ ಇದ್ದರು. ಆ ಬಳಗ ಸೇರಿದ ಆರಂಭದ ದಿನಗಳಲ್ಲಿ ಅವರು ಕೆನ್ ರೋಸ್‌ವಾಲ್ ಮತ್ತು ಲ್ಯೂ ಹೋಡ್ ಅವರಿಗೆ ಮೇಲಿಂದ ಮೇಲೆ ಸೋತರು. ಆದುದರಿಂದ ನನ್ನ ದೃಷ್ಟಿಯಲ್ಲಿ 1969ರ ಸಾಧನೆಯೇ ಹೆಚ್ಚು ತೂಕದ್ದು.

ಈ ನಿಯಮದಿಂದ ಇನ್ನೂ ಹೆಚ್ಚು ಕಳೆದುಕೊಂಡವರು ಅಮೆರಿಕದ ಪಾಂಚೊ ಗೊನ್ಸಾಲೆಸ್. 1948 ಮತ್ತು 1949ರಲ್ಲಿ ಅಮೆರಿಕದ ಚಾಂಪಿಯನ್‌ಷಿಪ್ ಗೆದ್ದ ಅವರು ವೃತ್ತಿಪರರಾದ ಮೇಲೆ ಗ್ರ್ಯಾನ್‌ಸ್ಲಾಮ್ ಅಂಗಳಕ್ಕೆ ಮರಳುವಷ್ಟರಲ್ಲಿ ವಯಸ್ಸು 40 ಆಗಿತ್ತು. 1969ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಅವರು ತಮಗಿಂತ ಬಹಳ ಕಿರಿಯರಾದ ಚಾರ್ಲಿ ಪಸಾರೆಲ್ ಎದುರು ಆಡಿದರು. ಸಮಬಲದಲ್ಲಿ ಎಳೆಯುವ ಸೆಟ್ಟನ್ನು ಬೇಗ ಮುಗಿಸುವ ಟೈಬ್ರೇಕರ್ ಇಲ್ಲದ ಕಾಲವಾದ್ದರಿಂದ ಮೊದಲ ಸೆಟ್ 22-24ರವರೆಗೆ ಎಳೆಯಿತು. ಬೆಳಕು ಸಾಲದೆಂದು ಅವರು ದೂರಿದರೂ ಪಂದ್ಯ ಮುಂದುವರಿಯಿತು, ಎರಡನೆಯ ಸೆಟ್ 1-6ರಿಂದ ಕೈತಪ್ಪಿತು. ಮರುದಿನ ಮೂರನೆಯ ಸೆಟ್ಟನ್ನು 16-14ರಿಂದ, ನಾಲ್ಕನೆಯದನ್ನು 6-3ರಿಂದ ಗೆದ್ದರು. ಕೊನೆಯ ಸೆಟ್‌ನಲ್ಲಿ ಏಳು ಮ್ಯಾಚ್ ಪಾಯಿಂಟ್‌ಗಳಿಂದ (ಎದುರಾಳಿ ಇನ್ನೊಂದೇ ಪಾಯಿಂಟ್ ಗೆದ್ದರೆ ಪಂದ್ಯ ಮುಗಿಯುವ ಹಂತ) ಪಾರಾಗಿ 11-9ರಿಂದ ಪಂದ್ಯವನ್ನೇ ತಮ್ಮದಾಗಿಸಿಕೊಂಡರು. ಒಟ್ಟು 112 ಗೇಮ್‌ಗಳು, ಐದು ಗಂಟೆ 12 ನಿಮಿಷಗಳ ಆಟ. 41ನೆಯ ವಯಸ್ಸಿನಲ್ಲಿ ಹೀಗೆ ಆಡಬಲ್ಲವರು 30ರಲ್ಲಿ ಏನೆಲ್ಲ ಗೆಲ್ಲುತ್ತಿದ್ದರು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಪ್ರಶ್ನೆ: ಬಾಕ್ಸರ್ ಮುಹಮ್ಮದ್ ಅಲಿ ಅವರು ನಿಷೇಧಕ್ಕೆ ಒಳಗಾದದ್ದು ಏಕೆ? ಅವರ ಶ್ರೇಷ್ಠ ಆಟವನ್ನು ಜಗತ್ತು ನೋಡಲೇ ಇಲ್ಲ ಎನ್ನುವುದು ಸರಿಯೇ?

ಉತ್ತರ: ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರ ಏಪ್ರಿಲ್ 28ರಂದು, ಹ್ಯೂಸ್ಟನ್‌ನಲ್ಲಿ ಸೇನೆಗೆ ಸೇರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ ತಮ್ಮ ಹೆಸರು ಕೂಗಿದಾಗ ಅಲಿ ಮುಂದೆ ಹೆಜ್ಜೆ ಇಡಲಿಲ್ಲ. ಧಾರ್ಮಿಕ ನಂಬಿಕೆಯ ಕಾರಣದಿಂದ ಯುದ್ಧದಲ್ಲಿ ಭಾಗವಹಿಸುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಬಾಕ್ಸಿಂಗ್ ಆಡಳಿತ ಮಂಡಳಿಗಳು ಅವರ ಪರವಾನಗಿಯನ್ನೂ ಹೆವಿವೇಟ್ ಪಟ್ಟವನ್ನೂ ಕಿತ್ತುಕೊಂಡವು. ಜೂನ್ ತಿಂಗಳಲ್ಲಿ ನ್ಯಾಯಾಲಯ ಐದು ವರ್ಷಗಳ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿ ಇದ್ದುದರಿಂದ ಅವರು ಸೆರೆಮನೆಗೆ ಹೋಗಲಿಲ್ಲ. ಆದರೆ ಪಾಸ್‌ಪೋರ್ಟ್ ಇಲ್ಲದೆ ಹೊರದೇಶದಲ್ಲೂ ಹೋರಾಡುವಂತಿರಲಿಲ್ಲ. ಕಾಲೇಜುಗಳಲ್ಲಿ ಭಾಷಣ ಮಾಡಿ ಸಂಪಾದಿಸುತ್ತ ಮೂರೂವರೆ ವರ್ಷ ಕಳೆದರು. 1970ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಜೆರ‍್ರಿ ಕ್ವಾರಿ ಎದುರು ರಿಂಗ್‌ಗೆ ಮರಳಿದರು. 1971ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು 8-0 ಮತಗಳಿಂದ ರದ್ದುಪಡಿಸಿತು. ಅಷ್ಟು ಹೊತ್ತಿಗೆ ಕಳೆದುಹೋಗಿದ್ದ 25ರಿಂದ 28ರವರೆಗಿನ ವಯಸ್ಸನ್ನು ಯಾವ ತೀರ್ಪೂ ತಂದುಕೊಡುವಂತಿರಲಿಲ್ಲ.

ನಿಮ್ಮ ಎರಡನೆಯ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಿಷೇಧಕ್ಕೆ ಮುಂಚಿನ ಅಲಿ ಎದುರಾಳಿಯ ಕೈಗೆ ಸಿಗುತ್ತಲೇ ಇರಲಿಲ್ಲ. ಕಾಲುಗಳ ವೇಗವೇ ಅವರ ರಕ್ಷಣೆಯಾಗಿತ್ತು. ಮರಳಿ ಬಂದ ಅಲಿಗೆ ಆ ಕಾಲುಗಳಿರಲಿಲ್ಲ. 1971ರ ಮಾರ್ಚ್‌ನಲ್ಲಿ ಜೋ ಫ್ರೇಜಿಯರ್ ಅವರ ಎಡಗೈ ಹೊಡೆತಕ್ಕೆ ಕೊನೆಯ ಸುತ್ತಿನಲ್ಲಿ ನೆಲಕ್ಕುರುಳಿ, ವೃತ್ತಿಜೀವನದ ಮೊದಲ ಸೋಲು ಕಂಡರು. ಆದರೆ ಕಾಲುಗಳು ಕೈಕೊಟ್ಟ ಮೇಲೆ ಅವರ ಬುದ್ಧಿ ಕೆಲಸ ಮಾಡಿದ ಬಗೆ ನಿಜಕ್ಕೂ ಅಸಾಧಾರಣವಾದದ್ದು. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ತಮಗಿಂತ ಏಳು ವರ್ಷ ಕಿರಿಯರಾದ ಜಾರ್ಜ್ ಫೋರ್‌ಮನ್ ಎದುರು ಅವರು ಹಗ್ಗಕ್ಕೆ ಒರಗಿ, ಮುಖವನ್ನು ಕೈಗಳಿಂದ ಮರೆಮಾಡಿಕೊಂಡು, ಹೊಡೆತಗಳನ್ನು ತೋಳು ಮತ್ತು ಪಕ್ಕೆಗಳ ಮೇಲೆ ತಾಳಿಕೊಳ್ಳುತ್ತ ಎದುರಾಳಿಯನ್ನೇ ದಣಿಸಿದರು. ಎಂಟನೆಯ ಸುತ್ತಿನಲ್ಲಿ ಫೋರ್‌ಮನ್ ನಾಕೌಟ್ ಆದರು. 32ರ ವಯಸ್ಸಿನಲ್ಲಿ ಪಟ್ಟ ಮರಳಿತು. ಆ ರಾತ್ರಿಯ ಅಲಿಯನ್ನು ಶ್ರೇಷ್ಠವಲ್ಲ ಎನ್ನಲು ನನ್ನಿಂದಾಗದು. ಹೊಡೆತ ತಿಂದು ಗೆಲ್ಲುವ ಆ ದಾರಿ ಮುಂದೆ ದುಬಾರಿಯಾಯಿತು ಎಂಬುದೂ ಅಷ್ಟೇ ನಿಜ. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಅವರು ಒಂದೇ ಸಮನೆ ಪೆಟ್ಟು ತಿನ್ನುತ್ತಿದ್ದಾಗ ತರಬೇತುದಾರ ಆಂಜೆಲೊ ಡಂಡಿ ಹತ್ತು ಸುತ್ತುಗಳ ಬಳಿಕ ಪಂದ್ಯವನ್ನೇ ನಿಲ್ಲಿಸಿದರು. ಆ ಹೋರಾಟ ನಡೆಯಲೇಬಾರದಾಗಿತ್ತು.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ನಡುವೆ ಬೇಸ್‌ಬಾಲ್ ಆಡಿದ್ದು ನಿಜವೇ?

ಉತ್ತರ: ನಿಜ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪ್ರಶಸ್ತಿಯನ್ನು ಸತತ ಮೂರು ಬಾರಿ ಗೆದ್ದಿದ್ದ ಅವರು, ತಂದೆಯ ಕೊಲೆಯಾದ ಕೆಲವೇ ತಿಂಗಳುಗಳಲ್ಲಿ, 1993ರ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದರು. 1994ರಲ್ಲಿ ಕೆಳದರ್ಜೆಯ ಲೀಗ್‌ನ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡದ ಪರ 127 ಪಂದ್ಯಗಳನ್ನು ಆಡಿದರು. ಬ್ಯಾಟಿಂಗ್ ಸರಾಸರಿ 0.202, ಅಂದರೆ ನೂರು ಅವಕಾಶಗಳಲ್ಲಿ ಸುಮಾರು 20 ಯಶಸ್ವಿ ಹೊಡೆತಗಳು; ಬೇಸ್‌ಬಾಲ್‌ನಲ್ಲಿ ಇದು ಸಾಧಾರಣಕ್ಕಿಂತ ಕಡಿಮೆ. 1995ರ ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಹಿಂದಿರುಗಿ, 1996ರಿಂದ 1998ರವರೆಗೆ ಮತ್ತೆ ಸತತ ಮೂರು ಪ್ರಶಸ್ತಿ ಗೆದ್ದರು.

ಪ್ರಶ್ನೆ: ಟೆನಿಸ್ ಆಟಗಾರ್ತಿ ಮೋನಿಕಾ ಸೆಲೆಸ್ ಮೇಲೆ ದಾಳಿ ನಡೆಯದಿದ್ದರೆ ಸ್ಟೆಫಿ ಗ್ರಾಫ್ ಅವರ 22 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳ ಸಾಧನೆ ಸಾಧ್ಯವಿತ್ತೇ?

ಉತ್ತರ: 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ, ಅಂಕಣ ಬದಲಿಸುವ ವಿರಾಮದಲ್ಲಿ ಕುರ್ಚಿಯಲ್ಲಿ ಕುಳಿತಿದ್ದ ಸೆಲೆಸ್ ಅವರ ಬೆನ್ನಿಗೆ ಪ್ರೇಕ್ಷಕನೊಬ್ಬ ಚಾಕುವಿನಿಂದ ಇರಿದ. ಗ್ರಾಫ್ ಅವರೇ ಅಗ್ರಸ್ಥಾನದಲ್ಲಿ ಇರಬೇಕೆಂಬ ಹುಚ್ಚು ಅಭಿಮಾನ ಆತನದಾಗಿತ್ತು. ಆಗ ಸೆಲೆಸ್ ವಯಸ್ಸು 19. ಎಂಟು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳು ಅವರ ಕೈಯಲ್ಲಿದ್ದವು. ಮೈಮೇಲಿನ ಗಾಯ ಕೆಲವೇ ವಾರಗಳಲ್ಲಿ ಮಾಗಿತು, ಮನಸ್ಸಿನ ಗಾಯಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ದಾಳಿಕೋರನಿಗೆ ಜೈಲುವಾಸವಾಗಲಿಲ್ಲ. ಸೆಲೆಸ್ ಜರ್ಮನಿಯಲ್ಲಿ ಮತ್ತೆಂದೂ ಆಡಲಿಲ್ಲ. ಅವರಿಲ್ಲದ ಅವಧಿಯಲ್ಲಿ ಗ್ರಾಫ್ ಆರು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಗೆದ್ದರು. 1995ರ ಆಗಸ್ಟ್‌ನಲ್ಲಿ ಮರಳಿದ ಸೆಲೆಸ್ ಗೆಲ್ಲಲು ಸಾಧ್ಯವಾದದ್ದು ಇನ್ನೊಂದೇ, 1996ರ ಆಸ್ಟ್ರೇಲಿಯನ್ ಓಪನ್.

ಆದರೂ ನಿಮ್ಮ ಪ್ರಶ್ನೆಗೆ ‘ಸಾಧ್ಯವಿರಲಿಲ್ಲ’ ಎಂದು ಉತ್ತರಿಸಲು ನಾನು ಸಿದ್ಧನಿಲ್ಲ. 1988ರಲ್ಲಿ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳ ಜೊತೆಗೆ ಒಲಿಂಪಿಕ್ ಚಿನ್ನವನ್ನೂ ಗೆದ್ದವರು ಗ್ರಾಫ್. ಆ ದುಷ್ಕೃತ್ಯದಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ. ಸೆಲೆಸ್ ಅವರಿಗಾದ ಅನ್ಯಾಯವನ್ನು ನೆನೆಯುವುದಕ್ಕಾಗಿ ಗ್ರಾಫ್ ಅವರ ಸಾಧನೆಯನ್ನು ಕುಗ್ಗಿಸಿ ನೋಡಬೇಕಿಲ್ಲ.

ಪ್ರಶ್ನೆ: ಉತ್ತುಂಗದಲ್ಲಿರುವಾಗಲೇ ಆಟ ಬಿಡುವವರನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ: ಒಬ್ಬೊಬ್ಬರ ಕಾರಣ ಒಂದೊಂದು. ಆಸ್ಟ್ರೇಲಿಯದ ಆಶ್ಲಿ ಬಾರ್ಟಿ ಹದಿಹರೆಯದಲ್ಲೇ ಟೆನಿಸ್‌ನ ಸುತ್ತಾಟದಿಂದ ಬಸವಳಿದು, 2014ರಲ್ಲಿ ಬಿಡುವು ಪಡೆದು, ಬ್ರಿಸ್ಬೇನ್ ಹೀಟ್ ತಂಡದ ಪರ ಕ್ರಿಕೆಟ್ ಆಡಿದರು. 2016ರಲ್ಲಿ ಟೆನಿಸ್‌ಗೆ ಮರಳಿ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದರು. 2022ರ ಮಾರ್ಚ್‌ನಲ್ಲಿ, ವಿಶ್ವದ ಅಗ್ರಶ್ರೇಯಾಂಕದಲ್ಲಿ ಇರುವಾಗಲೇ, 25ರ ವಯಸ್ಸಿಗೆ ವಿದಾಯ ಹೇಳಿದರು. ಆಟದ ಹೊರಗೂ ಬದುಕಿದೆ ಎಂದು ಒಮ್ಮೆ ಕಂಡುಕೊಂಡವರ ನಿರ್ಧಾರವದು.

ಸ್ವೀಡನ್‌ನ ಬಿಯಾನ್ ಬೋರ್ಗ್ ಅವರದು ಬೇರೆಯೇ ಕಥೆ. 1976ರಿಂದ 1980ರವರೆಗೆ ಸತತ ಐದು ವಿಂಬಲ್ಡನ್ ಗೆದ್ದ ಅವರು 1981ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಫೈನಲ್‌ಗಳೆರಡರಲ್ಲೂ ಜಾನ್ ಮೆಕೆನ್ರೊ ಅವರಿಗೆ ಸೋತರು. 26ರ ವಯಸ್ಸಿಗೇ ಆಟ ಬಿಟ್ಟರು. 1991ರಲ್ಲಿ ಮಾಂಟೆ ಕಾರ್ಲೊದಲ್ಲಿ ಮರಳಿದಾಗ ಉಳಿದವರೆಲ್ಲ ಗ್ರ್ಯಾಫೈಟ್ ರ‍್ಯಾಕೆಟ್ ಹಿಡಿದಿದ್ದರೂ ಬೋರ್ಗ್ ಕೈಯಲ್ಲಿ ಹಳೆಯ ಮರದ ರ‍್ಯಾಕೆಟ್ಟೇ ಇತ್ತು. ಆ ಪಂದ್ಯವನ್ನು ಸ್ಪೇನ್‌ನ ಹೋರ್ಡಿ ಆರೆಸೆ ಎದುರು ನೇರ ಸೆಟ್‌ಗಳಲ್ಲಿ ಸೋತರು. ಎರಡನೆಯ ಇನ್ನಿಂಗ್ಸ್‌ನಲ್ಲಿ ಅವರಿಗೆ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಸೋಲು ಗೊತ್ತಿದ್ದೂ ಮತ್ತೆ ಮತ್ತೆ ಅಂಕಣಕ್ಕಿಳಿದ ಆ ಮನುಷ್ಯನ ಬಗ್ಗೆ ನನಗೆ ಮರುಕಕ್ಕಿಂತ ಗೌರವವೇ ಹೆಚ್ಚು. ಆಟ ಬಿಡುವ ವಯಸ್ಸಲ್ಲದ ವಯಸ್ಸಿನಲ್ಲಿ ಬಿಟ್ಟದ್ದಕ್ಕೆ ಅವರು ತೆತ್ತ ಬೆಲೆ ಅದು.